ಓಡಿದವನೇ ಕಳ್ಳ

ನಾವು ಕಲ್ಲು ಒಡೆಯುವವರು, ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜೋಗೇಶ್ವರಿಯಲ್ಲಿ ನಮ್ಮ ಬಾಯಿಂದ ಎರಡನೇ ಮಾತು ಹೊರಡುವುದರೊಳಗೆ ಯಾರಾದರೂ ಕಪಾಳಕ್ಕೆ ಹೊಡೆದಿರುತ್ತಾರೆ.

ನನ್ನ ಹೆಸರು ದೇವಕ್ಕ. ಗಂಡ ಮರೆಪ್ಪ. ಊರು ವಿಜಾಪುರದ ಕಡೆ, ಹೊಟ್ಟೆಪಾಡಿಗೆ ಈ ಮರಾಠಿ ಶಹರದ ಜೋಗೇಶ್ವರಿಗೆ ಬಂದವರು. ಇಲ್ಲಿ ಗುಡ್ಡದ ಬುಡದಲ್ಲಿ ಕಲ್ಲುಗಣಿ, ಅದಕ್ಕೆ ಖದಾನು ಅನ್ನುತ್ತೇವೆ, ಖದಾನಿನ ಅಂಚಿಗೆ ನಮ್ಮ ಝೋಪಡಿಗಳು. ಆಮೇಲೆ ಒಂದು ಮೋಟು ಗೋಡೆ. ಗೋಡೆಯಾಚೆ ಶಾಂತಿ ಸದನ ಸೊಸೈಟಿಯ ಬಿಲ್ಡಿಂಗುಗಳು. ಆ ಬಿಲ್ಡಿಂಗುಗಳ ತಳಪಾಯಕ್ಕೆ ಹೋದ ಕಲ್ಲೆಲ್ಲ ನಾವೇ ಒಡೆದದ್ದು. ನನ್ನ ಎಡಗೈ ಹೆಬ್ಬೆರಳಿನ ಉಗುರು ಆ ಜಲ್ಲಿಯ ಜೊತೆಗೇ ಹೋಯಿತು. ಆದರೂ ಮುಂದಿನ ಗೇಟಿನಿಂದ ನಮ್ಮನ್ನು ಬಿಡುತ್ತಿರಲಿಲ್ಲ. ಪಾತ್ರೆ ತಿಕ್ಕಲು ಹೋದರೂ ಹಿಂದಿನ ಮೆಟ್ಟಿಲು, ನೀರು ತುಂಬಲು ಹೋದರೂ ಹಿಂದಿನ ನಲ್ಲಿ.

ರೈಲ್ವೆ ಮುಷ್ಕರ ನಡೆದ ವರ್ಷದ ಬೇಸಿಗೆ ಅದು. ಕೆಲಸವಿಲ್ಲದವರು ಊರು ತುಂಬ ಇದ್ದರು. ಶಾಂತಿ ಸದನದಲ್ಲಿ ಒಂದು ಸೈಕಲ್ ಹೋಯಿತು. ಆಮೇಲೆ ಹಿತ್ತಾಳೆ ಕೊಡ ಹೋಯಿತು, ಗ್ಯಾಲರಿಯಲ್ಲಿ ಒಣಹಾಕಿದ ಸೀರೆ ಹೋಯಿತು. ಪ್ರತಿ ಸಲವೂ ಪೊಲೀಸರು ಗೋಡೆ ದಾಟಿ ನಮ್ಮ ಕಡೆಗೇ ಬಂದರು. ಹಿಟ್ಟಿನ ಡಬ್ಬಿಗಳನ್ನು ನೆಲಕ್ಕೆ ಸುರಿದು ಹುಡುಕಿದರು. ಜೋಳದ ಹಿಟ್ಟಿನಲ್ಲಿ ಸೈಕಲ್ ಸಿಗಲಿಲ್ಲ. ಮಣ್ಣಾದ ಹಿಟ್ಟನ್ನೇ ನಾವು ಜರಡಿ ಹಿಡಿದು ತಿಂದೆವು.

ಸೊಸೈಟಿಯ ಸೆಕ್ರೆಟರಿ ಬಸವಂತರಾಯ. ಬಟ್ಟೆ ವ್ಯಾಪಾರಿ. ನಮ್ಮ ಕಡೆಯವನೇ, ನಮ್ಮ ಮಾತೇ ಆಡುವವನು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ. ಅವನೂ ಠಾಣೆಯ ಸಬ್‌ಇನ್ಸ್‌ಪೆಕ್ಟರನೂ ಸೇರಿ ಒಂದು ಸುರಕ್ಷಾ ದಳ ಕಟ್ಟಿದರು. ಬಿಲ್ಡಿಂಗಿನ ಗಂಡಸರು ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡರು. ಪೊಲೀಸರೂ ನಾಗರಿಕರೂ ಕೈಗೆ ಕೈ ಜೋಡಿಸಬೇಕು ಎಂದು ಠಾಣೆಯ ಸಾಹೇಬ ಅಂಗಳದಲ್ಲಿ ಭಾಷಣ ಮಾಡಿದ. ಜೋಡಿಸಿದರು. ಆ ಕೈಗಳನ್ನು ನಾನು ಹತ್ತಿರದಿಂದಲೇ ಕಂಡಿದ್ದೇನೆ.

ಭಾಷಣದ ಹೊತ್ತಿಗೆ ನಾನು ಹಿಂದಿನ ನಲ್ಲಿಯಲ್ಲಿ ಕೊಡ ತುಂಬುತ್ತಿದ್ದೆ. ನಮ್ಮ ಗಂಡಸರನ್ನೂ ಕರೆಸಿ ನೆಲದ ಮೇಲೆ ಕೂರಿಸಿದ್ದರು. ಸಾಹೇಬನ ಮರಾಠಿ ಮಾತನ್ನು ಬಸವಂತರಾಯ ಕನ್ನಡದಲ್ಲಿ ಹೇಳಿದ.

"ರಾತ್ರಿ ಕಾಯಾಕ ನಿಮ್ಮ ಕಡಿಂದ ದಿನಾ ಮಂದಿ ಬರಬೇಕು. ಪಗಾರ ಗಿಗಾರ ಕೇಳಬ್ಯಾಡ್ರಿ. ಇದು ಎಲ್ಲಾರ ಕೆಲಸ. ಬರಲಿಲ್ಲಾ, ನಳಾ ಬಂದ್ ಮಾಡತೀವಿ."

ಹಗಲೆಲ್ಲ ಕಲ್ಲು ಒಡೆ, ರಾತ್ರಿಯೆಲ್ಲ ಅವರ ಸೈಕಲ್ ಕಾಯಿ. ನೀರು ಬೇಕಲ್ಲ. ನಮ್ಮವರು ಹೂಂ ಎಂದರು.

"ಮತ್ತ ಇನ್ನೊಂದು. ಗೇಟಿಗೆ ಗಂಟಿ ಕಟ್ಟೀವಿ. ಗಂಟಿ ಬಾರಿಸಿದರ ಬಿಲ್ಡಿಂಗಿನವರು ಬಡಗಿ ಕೋಲು ಹಿಡದು ಹೊರಗ ಬರತಾರ. ನೀವು ಎಲ್ಲಿದ್ದೀರಿ ಅಲ್ಲೇ ನಿಂದರಬೇಕು. ಓಡಿದಾಂವನೇ ಕಳ್ಳ ಅಂತ ಸಾಹೇಬರು ಹೇಳ್ಯಾರ."

ಗಂಟೆ ಎಂದರೆ ಗುಡಿಯ ಗಂಟೆಯಲ್ಲ. ಖದಾನಿನ ಗುತ್ತಿಗೆದಾರ ದಾನ ಕೊಟ್ಟ ರೈಲು ಹಳಿಯ ತುಂಡು. ಅದನ್ನು ನೋಡಿದ ಕೂಡಲೇ ನನ್ನ ತಮ್ಮ ಸಂಗಪ್ಪ ಎದ್ದು ನಿಂತ.

"ಸಾವ್ಕಾರ್ರ, ಇದು ಬ್ಯಾಡ್ರಿ. ಖದಾನಿನ್ಯಾಗ ಇದನ್ನ ಬಡದರ ನಾವು ಓಡತೀವ್ರಿ. ಓಡಬೇಕು. ಬ್ಯಾರೆ ಏನರೆ ಕಟ್ರಿ, ತಗಡಾ ಬಾರಸ್ರಿ."

ಬಸವಂತರಾಯ ನಕ್ಕ. "ಅದೇನ್ ದೊಡ್ಡ ಮಾತೋ? ರೂಢಿ ಆಗತದ ಬಿಡು." ಸಾಹೇಬ ಏನೆಂದು ಕೇಳಿದ. ಏನಿಲ್ಲ, ಇವನಿಗೂ ಒಂದು ಪಟ್ಟಿ ಬೇಕಂತೆ ಎಂದು ಬಸವಂತರಾಯ ಮರಾಠಿಯಲ್ಲಿ ಹೇಳಿದ. ಎಲ್ಲರೂ ನಕ್ಕರು. ಸಂಗಪ್ಪನ ತೋಳಿಗೆ ಪಟ್ಟಿ ಕಟ್ಟಿ ಕೈಗೊಂದು ಸೀಟಿ ಕೊಟ್ಟರು.

ಆ ಹಳಿಯ ಮಾತನ್ನು ಬಿಡಿಸಿ ಹೇಳಬೇಕು. ಖದಾನಿನಲ್ಲಿ ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಇಡುವ ಮೊದಲು ಮರಕ್ಕೆ ತೂಗುಹಾಕಿದ ಹಳಿಯನ್ನು ಸುತ್ತಿಗೆಯಿಂದ ಬಡಬಡ ಬಡಿಯುತ್ತಾರೆ. ಅದು ಮೊದಲನೇ ಗಂಟೆ. ಕೇಳಿದ ಕೂಡಲೇ ಓಡಬೇಕು. ಅಡ್ಡ ಸಿಕ್ಕಿದ್ದರ ಹಿಂದೆ ಮಕಾಡೆ ಮಲಗಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಳ್ಳಬೇಕು. ಮದ್ದು ಹಾರಿ, ಕಲ್ಲೆಲ್ಲ ಬಿದ್ದು ಮುಗಿದ ಮೇಲೆ ಎರಡನೇ ಗಂಟೆ. ಅಲ್ಲಿಯ ತನಕ ಹಾವು ಬಂದರೂ ಏಳುವಂತಿಲ್ಲ. ನನ್ನ ಮಾವ ಬಂಡೆಪ್ಪ ಒಮ್ಮೆ, ಮದ್ದು ಹಾರಲೇ ಇಲ್ಲವೆಂದು ಎದ್ದು ನಿಂತ. ಆಗ ಹಾರಿತು. ಅವನನ್ನು ಗೋಣಿಚೀಲದಲ್ಲಿ ಆರಿಸಿ ತಂದೆವು. ಮಗನಾದ ಮರೆಪ್ಪನೇ ಆರಿಸಿದ. ಅಂದಿನಿಂದ ಹಳಿ ಸದ್ದಿಗೆ ಅವನ ತಲೆ ಯೋಚಿಸುವ ಮೊದಲೇ ಕಾಲು ಓಡುತ್ತದೆ.

ಅವತ್ತು ರವಿವಾರ, ಮಧ್ಯಾಹ್ನ. ಖದಾನಿಗೆ ರಜೆ ಎನ್ನುವುದು ಹೆಸರಿಗೆ. ಗುತ್ತಿಗೆದಾರನಿಗೆ ಮನಸ್ಸು ಬಂದರೆ ರವಿವಾರವೂ ಮದ್ದು ಹಾರಿಸುತ್ತಿದ್ದ. ಮರೆಪ್ಪ ರವಿವಾರಗಳಲ್ಲಿ ಉಳಿ ಸುತ್ತಿಗೆ ಹಿಡಿದು, "ಟಾಕೀಯೇ" ಎಂದು ಕೂಗುತ್ತ ಬಿಲ್ಡಿಂಗ್ ಸುತ್ತುತ್ತಿದ್ದ. ಮಸಾಲೆ ಅರೆಯುವ ಕಲ್ಲು ಸವೆದು ನುಣ್ಣಗಾಗುತ್ತದಲ್ಲ, ಅದಕ್ಕೆ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುವ ಕೆಲಸ. ಬಸವಂತರಾಯನ ಹೆಂಡತಿ ನೀಲಾಬಾಯಿ ಕರೆದಳು. ಅವಳ ಅಡುಗೆಮನೆಯ ಹಿಂದಿನ ಗ್ಯಾಲರಿಯಲ್ಲಿ ಕೂತು ಮರೆಪ್ಪ ಕಲ್ಲಿಗೆ ಉಳಿ ಹೊಡೆಯುತ್ತಿದ್ದ. ಬಸವಂತರಾಯ ಊಟ ಮಾಡಿ, ಅವನ ಪಕ್ಕದಲ್ಲೇ ಕೈ ತೊಳೆದು, ಕೆಳಗಿಳಿದು ಹೋದ. ಗೋಡೆಯ ಈಚೆ ನಮ್ಮ ಝೋಪಡಿಯಿಂದಲೇ ಅದೆಲ್ಲ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಹಳಿ ಬಡಿಯಿತು.

ನಾನು ಝೋಪಡಿಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡು ಓಡಿದೆ. ನಾನೊಬ್ಬಳೇ ಅಲ್ಲ. ಮುದುಕಿ ಹಾಲವ್ವ ಓಡಿದಳು, ಬಸುರಿ ಲಕ್ಷ್ಮವ್ವ ಹೊಟ್ಟೆ ಹಿಡಿದು ಓಡಿದಳು. ಇಡೀ ಝೋಪಡಿಪಟ್ಟಿ ದೊಡ್ಡ ಬಂಡೆಯ ಹಿಂದೆ ಮಕಾಡೆ ಬಿತ್ತು. ಕಿವಿ ಮುಚ್ಚಿಕೊಂಡು ಕಾದೆವು. ಮದ್ದು ಹಾರಲಿಲ್ಲ. ನೆಲ ನಡುಗಲಿಲ್ಲ. ಬದಲಿಗೆ ಗೋಡೆಯಾಚೆಯಿಂದ ಗಂಡಸರ ಕೂಗು ಬಂತು. "ಪಕಡೋ, ಮಾರೋ." ಹಿಡಿಯಿರಿ, ಹೊಡೆಯಿರಿ.

ನಾನು ಎದ್ದೆ. ಎರಡನೇ ಗಂಟೆಯಾಗದೆ ಏಳಬೇಡವೆಂದು ಹಾಲವ್ವ ನನ್ನ ಸೀರೆ ಎಳೆದಳು. ಬಿಡಿಸಿಕೊಂಡು ಕೂಸನ್ನು ಅವಳ ಕೈಗೆ ಹಾಕಿ ಗೋಡೆ ಹತ್ತಿದೆ.

ಹಿಂದಿನ ಮೆಟ್ಟಿಲಿಳಿದು ಓಡಿಬಂದ ಮರೆಪ್ಪ ಗೋಡೆಯಾಚೆಯ ಬುಡದಲ್ಲಿ ಮಕಾಡೆ ಬಿದ್ದಿದ್ದ. ಎರಡೂ ಕೈ ತಲೆಯ ಮೇಲೆ. ಸುತ್ತ ಹಳದಿ ಪಟ್ಟಿಯವರು. ಹಾಕಿ ಕೋಲು, ಕ್ರಿಕೆಟ್ ಸ್ಟಂಪು, ಮಂಚದ ಕಾಲು, ಸೊಂಟದ ಬೆಲ್ಟು. ಬೆನ್ನಿನ ಮೇಲೆ ಬೀಳುವ ಏಟಿಗೆ ಒಂದು ಸದ್ದು, ತಲೆಯ ಮೇಲೆ ಬೀಳುವ ಏಟಿಗೆ ಬೇರೆ ಸದ್ದು. ಅವನು ಏಳಲಿಲ್ಲ. ತಿರುಗಲಿಲ್ಲ. ಅವರು ಹೊಡೆದಷ್ಟೂ ನೆಲಕ್ಕೆ ಇನ್ನಷ್ಟು ಅಂಟಿಕೊಂಡ. ನಾಟಕ ಮಾಡುತ್ತಾನೆ ಎಂದು ಒಬ್ಬ ಬೂಟುಗಾಲಿನಿಂದ ಪಕ್ಕೆಗೆ ಒದ್ದ.

ನಾನು ಅವನ ಮೇಲೆ ಬಿದ್ದೆ. ನನಗೂ ಬಿತ್ತು. ಅವನ ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ಎರಡನೇ ಗಂಟಿ ಆತೇನ?" ಎಂದ.

ಅವನ ಭುಜ ಹಿಡಿದು ಅಲುಗಿಸಿದೆ. "ಖದಾನ್ ಅಲ್ಲೋ ಇದು, ಖದಾನ್ ಅಲ್ಲ. ಏಳೋ," ಎಂದು ಕಿರುಚಿದೆ.

ದಳದ ಜೊತೆಗೆಂದು ಠಾಣೆಯಿಂದ ಹಾಕಿದ್ದ ಹವಾಲ್ದಾರ ನನ್ನ ಜುಟ್ಟು ಹಿಡಿದು ಆಚೆಗೆ ಎಳೆದ. ಮರೆಪ್ಪ ಓಡುವಾಗ ಹಿಡಿದುಕೊಂಡೇ ಬಂದಿದ್ದ ಉಳಿ ಸುತ್ತಿಗೆ ಅವನ ಪಕ್ಕದಲ್ಲಿ ಬಿದ್ದಿದ್ದವು. ನೋಡಿ, ಬೀಗ ಒಡೆಯುವ ಹತ್ಯಾರ ಎಂದು ಹವಾಲ್ದಾರ ಎತ್ತಿ ತೋರಿಸಿದ. ಮರೆಪ್ಪನ ಬಲಗೈಯನ್ನು ಎಳೆದು ನಲ್ಲಿಯ ಕಟ್ಟೆಯ ಮೇಲಿಟ್ಟು ಬೂಟಿನಿಂದ ಮಣಿಕಟ್ಟು ತುಳಿದು ಹಿಡಿದ. ಎರಡನೇ ಮಹಡಿಯ ಬ್ಯಾಂಕಿನವನು ಸುತ್ತಿಗೆ ತೆಗೆದುಕೊಂಡ. ದಿನಾ ಬೆಳಿಗ್ಗೆ ಅವನ ಎಂಜಲು ತಟ್ಟೆ ತಿಕ್ಕುವವಳು ನಾನು. ಸುತ್ತಿಗೆ ಹಿಡಿಯಲೂ ಬಾರದು ಆ ಮನುಷ್ಯನಿಗೆ. ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಬೆರಳುಗಳ ಮೇಲೆ ಹೊಡೆದ. ಸರಿಯಾಗಿ ಬೀಳಲಿಲ್ಲವೆಂದು ಇನ್ನೊಮ್ಮೆ ಹೊಡೆದ.

ಮರೆಪ್ಪ ಆಗ ಕೂಗಿದ. ಅಷ್ಟು ಹೊತ್ತೂ ಕೂಗಿರಲಿಲ್ಲ.

ಅಷ್ಟರಲ್ಲಿ ಸಾಹೇಬನ ಜೀಪು ಅಂಗಳಕ್ಕೆ ಬಂತು. ಬಸವಂತರಾಯ ಅವನನ್ನು ಚಹಾಕ್ಕೆ ಕರೆದಿದ್ದ. ಸಾಹೇಬ ಇಳಿದು, ಬಿದ್ದವನನ್ನು ನೋಡಿ, ಖುಷಿಯಾದ. ಶಾಬಾಸ್ ಎಂದು ಬ್ಯಾಂಕಿನವನ ಬೆನ್ನು ತಟ್ಟಿದ. ಆಮೇಲೆ ಕೇಳಬೇಕಾದ್ದನ್ನು ಕೇಳಿದ.

"ಕಾಯ್ ಗೇಲ?" ಏನು ಕಳುವಾಯಿತು ಎಂದು.

ಬ್ಯಾಂಕಿನವನು ಪಕ್ಕದವನ ಮುಖ ನೋಡಿದ, ಪಕ್ಕದವನು ಅವನ ಪಕ್ಕದವನ ಮುಖ ನೋಡಿದ. ಯಾರ ಮನೆಯಲ್ಲಿ ಎಂದು ಸಾಹೇಬ ಮತ್ತೆ ಕೇಳಿದ. ಯಾರ ಮನೆಯಲ್ಲೂ ಅಲ್ಲ.

ಕಾವಲಿಗಿದ್ದ ಸಂಗಪ್ಪ ಗೇಟಿನಿಂದ ಓಡಿ ಬಂದ. ಭಾವನ ಕೈ ನೋಡಿ ಅವನ ಮುಖ ಬೂದಿಯಾಯಿತು. "ಟ್ರಾಯಲ್ ಥಾ ಸಾಬ್. ಸೇಠ್ ಬೋಲಾ, ಗಂಟಾ ಮಾರ್. ಮೈ ಮಾರಾ. ಚೋರಿ ನಹೀ ಹುವಾ," ಎಂದ. ಪರೀಕ್ಷೆಗೆಂದು ಸೇಠ್ ಹೊಡೆಸಿದ ಗಂಟೆ, ಕಳವು ಆಗಿಲ್ಲ.

ಸಾಹೇಬ ಬಂದಾಗ ದಳದ ಚುರುಕು ಕಾಣಲಿ ಎಂದು ಬಸವಂತರಾಯ ಗಂಟೆ ಹೊಡೆಸಿದ್ದ. ಬಡಗಿ ಹಿಡಿದವರಿಗೆ ಅದು ಗೊತ್ತಿರಲಿಲ್ಲ. ಓಡುವವನೊಬ್ಬ ಕಂಡ, ಹೊಡೆದರು. ಇಷ್ಟೇ.

ಹವಾಲ್ದಾರನ ಲಾಠಿ ಸಂಗಪ್ಪನ ಬಾಯಿಗೆ ಬಿತ್ತು. ಅವನು ಹಲ್ಲು ಉಗುಳಿದ. ಸಾಹೇಬ ಆ ಲಾಠಿಯನ್ನೇ ಅವನ ಕೈಗೆ ಕೊಟ್ಟು, ನೀನು ದಳದವನಲ್ಲವೇ, ಕಳ್ಳನಿಗೆ ನೀನೂ ನಾಲ್ಕು ಹಾಕು, ಆಗ ನಂಬುತ್ತೇನೆ ಎಂದ. ಸಂಗಪ್ಪ ಲಾಠಿಯನ್ನು ಗೋಡೆಯಾಚೆ ಎಸೆದ. ತೋಳಿನ ಪಟ್ಟಿ ಕಿತ್ತು ಬಾಯಿಯ ರಕ್ತ ಒರೆಸಿ ಸಾಹೇಬನ ಬೂಟಿನ ಮೇಲೆ ಹಾಕಿದ. ಹವಾಲ್ದಾರ, ಡ್ರೈವರ ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಕೆಡವಿದರು.

ನಾನು ಬಸವಂತರಾಯನ ಮುಂದೆ ಹೋಗಿ ಕೈ ಮುಗಿದೆ. ಹೌದು, ಮುಗಿದೆ. ಗಂಡ ಬದುಕಬೇಕಾಗಿತ್ತು. ಜೀಪಿನಲ್ಲಿ ಠಾಣೆಗೆ ಹೋದರೆ ಅವನು ತಿರುಗಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

"ಸಾವ್ಕಾರ್ರ, ಅಂವಾ ನಿಮ್ಮ ಮನ್ಯಾಗ ಕುಂತಿದ್ದನಲ್ರಿ. ನಿಮ್ಮ ಕಣ್ಣಾರೆ ನೋಡೀರಿ. ಅದೊಂದು ಮಾತು ಸಾಹೇಬರಿಗೆ ಹೇಳ್ರಿ. ಗಂಟಿ ಕೇಳಿ ನಾವು ಯಾಕ ಓಡತೀವಿ ಅನ್ನೂದೂ ನಿಮಗ ಗೊತ್ತದ. ಹೇಳ್ರಿ, ನಿಮ್ಮ ಕಾಲ ಬೀಳತೀನಿ."

ಏನಂತೆ ಎಂದು ಸಾಹೇಬ ಕೇಳಿದ. ಬಸವಂತರಾಯ ಅವನ ಕಡೆ ತಿರುಗಿದ.

"ಹೀ ಮ್ಹಣತೇ ಸಾಹೇಬ್, ಮಾಫ್ ಕರಾ. ಪರತ್ ಚೋರೀ ಕರಣಾರ್ ನಾಹೀ."

ಮಾಫ್ ಮಾಡಿ, ಇನ್ನು ಕದಿಯುವುದಿಲ್ಲ. ನಾನು ಹೇಳಿದೆನಂತೆ. ಅವರ ಮನೆಗಳಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ನನಗೆ ಮರಾಠಿ ಆಡಲು ಬರದಿದ್ದರೂ ತಿಳಿಯುತ್ತದೆ ಎನ್ನುವುದನ್ನು ಆ ಮನುಷ್ಯ ಯಾವತ್ತೂ ಯೋಚಿಸಿರಲಿಲ್ಲ. ನನ್ನ ಬಾಯಿಂದಲೇ ನನ್ನ ಗಂಡನನ್ನು ಕಳ್ಳ ಮಾಡಿದ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು.

ಮೇಲಿನ ಗ್ಯಾಲರಿಯಲ್ಲಿ ನೀಲಾಬಾಯಿ ನಿಂತಿದ್ದಳು. "ಅಕ್ಕಾರ, ನೀವರೆ ಹೇಳ್ರಿ," ಎಂದು ಕೂಗಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕಿಟಕಿ ಮುಚ್ಚಿತು.

ಮರೆಪ್ಪನನ್ನು ಎತ್ತಿ ಜೀಪಿಗೆ ಹಾಕಲು ಹೊರಟರು. ನಾನು ಮುಗಿದ ಕೈ ಬಿಡಿಸಿದೆ. ಈ ಕೈ ಎಂಟು ತಾಸು ಸುತ್ತಿಗೆ ಎತ್ತುವ ಕೈ. ಬಸವಂತರಾಯನ ಕುತ್ತಿಗೆಗೆ ಹಾಕಿದೆ. ಅವನು ಹಿಂದಕ್ಕೆ ಬಿದ್ದ. ಎದೆಯ ಮೇಲೆ ಮಂಡಿ ಊರಿ ಕೂತೆ. ಕಟ್ಟೆಯ ಮೇಲಿದ್ದ ಗಂಡನ ಸುತ್ತಿಗೆ ಕೈಗೆ ಸಿಕ್ಕಿತು. ಅದರ ಹಿಡಿಗೆ ಇನ್ನೂ ರಕ್ತದ ಹಸಿ ಇತ್ತು.

"ಹೇಳು."

"ದೇವಕ್ಕಾ, ಹುಚ್ಚ ಹಿಡದದೇನ ನಿನಗ? ಬಿಡು."

"ಎಲ್ಲಿದ್ದ ಅಂವಾ? ಹೇಳು. ಇಲ್ಲಾ, ಈ ತಲೀ ಜಲ್ಲಿ ಮಾಡತೀನಿ."

ಹವಾಲ್ದಾರ ನನ್ನ ಕಡೆ ನುಗ್ಗಿದ. ಒಂದು ಕಲ್ಲು ಬಂದು ಅವನ ಟೋಪಿ ಹಾರಿಸಿತು. ಗೋಡೆಯ ಮೇಲೆ ನಮ್ಮವರು ನಿಂತಿದ್ದರು. ಗಂಡಸರು, ಹೆಂಗಸರು, ಎಲ್ಲರೂ. ಎಲ್ಲರ ಕೈಯಲ್ಲೂ ಕಲ್ಲು. ಕಲ್ಲಿಗೆ ನಮ್ಮಲ್ಲಿ ಯಾವತ್ತೂ ಬರಗಾಲವಿಲ್ಲ. ಎರಡನೆಯದು ಜೀಪಿನ ಗಾಜು ಒಡೆಯಿತು. ಮೂರನೆಯದು ಬ್ಯಾಂಕಿನವನ ಭುಜ ಮುರಿಯಿತು, ಅವನು ಕೂಗಿದ ಕೂಗಿಗೆ ನನಗೆ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ.

ಯಾರೋ ಓಡಿಹೋಗಿ ಗೇಟಿನ ಹಳಿ ಬಡಿಯತೊಡಗಿದರು. ಇನ್ನಷ್ಟು ಬಿಲ್ಡಿಂಗಿನವರು ಬರಲೆಂದು. ಬಡಬಡ ಬಡಬಡ. ನನ್ನ ಕಾಲುಗಳು ತಾವಾಗಿಯೇ ಏಳಹೊರಟವು. ಗೋಡೆಯ ಮೇಲಿದ್ದವರ ಮೈಯೂ ಓಡಲು ತಿರುಗಿದ್ದನ್ನು ಕಂಡೆ. ಲಕ್ಷ್ಮವ್ವ ಹಲ್ಲು ಕಚ್ಚಿ ಅಳುತ್ತಿದ್ದಳು. ಓಡು ಓಡು ಎಂದು ಹುಟ್ಟಿದಾಗಿನಿಂದ ಕಲಿತ ಮೈ ಅದು. ಯಾರೂ ಓಡಲಿಲ್ಲ. ನಾನು ಮಂಡಿಯನ್ನು ಇನ್ನೂ ಜೋರಾಗಿ ಒತ್ತಿದೆ.

"ಹೇಳೋ."

"ತೋ ಮಾಝ್ಯಾ ಘರಾತ್ ಹೋತಾ," ಎಂದು ಬಸವಂತರಾಯ ಅರಚಿದ. "ಸಾಹೇಬ್, ತೋ ಮಾಝ್ಯಾ ಘರಾತ್ ಹೋತಾ. ಚೋರ್ ನಾಹೀ."

ಅವನು ನನ್ನ ಮನೆಯಲ್ಲಿದ್ದ. ಕಳ್ಳನಲ್ಲ. ಇಡೀ ಅಂಗಳ ಕೇಳಿತು. ಹಳಿ ಬಡಿಯುವವನೂ ನಿಲ್ಲಿಸಿದ.

ಸಾಹೇಬ ಹಣೆ ಒರೆಸಿಕೊಂಡ. ತಪ್ಪು ತಿಳಿವಳಿಕೆಯಾಯಿತು, ಬಿಟ್ಟುಬಿಡಿ ಅವನನ್ನು, ಖತಮ್, ಎಲ್ಲರೂ ಮನೆಗೆ ಹೋಗಿ ಎಂದ. ಖತಮ್ ಅಂತೆ. ಹಳದಿ ಪಟ್ಟಿಯವರು ನಿಜವಾಗಿಯೂ ಮನೆಗೆ ಹೊರಟರು. ಒಬ್ಬ ಸ್ಟಂಪನ್ನು ಹುಲ್ಲಿಗೆ ಒರೆಸುತ್ತಿದ್ದ.

ನಾನು ಎದ್ದು ನಿಂತೆ. ನನ್ನ ಹಿಂದಿ ಹರಕು. ಆದರೂ ನಾನೇ ಆಡಿದೆ, ಇನ್ನೊಬ್ಬನ ಬಾಯಿ ನನಗೆ ಬೇಡವಾಗಿತ್ತು. "ಆದ್ಮೀ ಮರೇಗಾ. ತುಮಾರಾ ಜೀಪ್ ಮೇ ದವಾಖಾನಾ ಲೇ ಜಾ. ತು ಲೇ ಜಾ." ಗಂಡ ಸಾಯುತ್ತಾನೆ, ನಿನ್ನ ಜೀಪಿನಲ್ಲೇ ನೀನೇ ದವಾಖಾನೆಗೆ ಒಯ್ಯಿ ಎಂದೆ. ಸರ್ಕಾರಿ ಜೀಪು, ಸೀಟಿಗೆಲ್ಲ ರಕ್ತವಾಗುತ್ತದೆ ಎಂದ ಸಾಹೇಬ. ನಮ್ಮ ಗಂಡಸರು ಗೋಡೆಯಿಂದ ಇಳಿದು, ಲಾರಿಗಳಿಗೆ ಒಡ್ಡುವಂಥ ಗುಂಡುಗಲ್ಲುಗಳನ್ನು ಉರುಳಿಸಿ ತಂದು ಜೀಪಿನ ನಾಲ್ಕೂ ಗಾಲಿಗೆ ಒಡ್ಡಿದರು. ಸಾಹೇಬ ಸೊಂಟದ ಪಿಸ್ತೂಲು ಮುಟ್ಟಿದ. ಸುತ್ತ ನೋಡಿದ. ಕೈ ತೆಗೆದ.

ಮರೆಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಸಂಗಪ್ಪ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಸಾಹೇಬ, ಹವಾಲ್ದಾರ ಹತ್ತಿದರು. ಗಾಲಿಯ ಕಲ್ಲು ತೆಗೆದೆವು. ಬಸವಂತರಾಯ ಜೀಪಿನ ಕಂಬಿ ಹಿಡಿದುಕೊಂಡು ಓಡಿದ.

"ಸಾಹೇಬ್, ಆಮ್ಹಾಲಾ ಸೋಡೂನ್ ಜಾತಾ?" ನಮ್ಮನ್ನು ಬಿಟ್ಟು ಹೋಗುತ್ತೀರಾ ಎಂದು.

"ತುಮಚ ತುಮ್ಹೀ ಬಘಾ," ಎಂದ ಸಾಹೇಬ. ನಿಮ್ಮದು ನೀವು ನೋಡಿಕೊಳ್ಳಿ. ಜೀಪು ಹೋಯಿತು.

ಕೈಗೆ ಕೈ ಜೋಡಿಸಿದವರು ಅಲ್ಲಿಗೆ ಬೇರೆಯಾದರು. ಮರೆಪ್ಪ ಬದುಕಿದ. ಬಲಗೈಯನ್ನು ಮಣಿಕಟ್ಟಿನಿಂದ ತೆಗೆದರು. ಅದು ಆಮೇಲಿನ ಮಾತು.

ಮನೆಗೆ ಹೊರಟವರ ಮೆಟ್ಟಿಲಿಗೆ ನಮ್ಮವರು ಅಡ್ಡ ನಿಂತಿದ್ದರು. ಅಂಗಳದಲ್ಲಿ ಹಳದಿ ಪಟ್ಟಿಯವರು ಉಳಿದರು, ನಾವು ಉಳಿದೆವು. ಅವರ ಕೋಲುಗಳು ಒಂದೊಂದಾಗಿ ಕೆಳಗೆ ಬಿದ್ದವು. ನಮ್ಮ ಕಲ್ಲುಗಳು ಬೀಳಲಿಲ್ಲ. "ಕೊಂದ ಹಾಕೂಣು," ಎಂದರು ಯಾರೋ. ನನಗೂ ಹಾಗೇ ಅನಿಸಿತ್ತು. ಒಂದು ಮಾತಿಗೆ ಕಾದಿದ್ದರು, ನನ್ನ ಒಂದು ಮಾತಿಗೆ.

"ಮಕಾಡೆ ಮಲಗ್ರಿ," ಎಂದೆ. "ಎಲ್ಲಾರೂ. ಕೈ ತಲೀ ಮ್ಯಾಲೆ."

ಯಾರೂ ಅಲುಗಾಡಲಿಲ್ಲ. ಹಾಲವ್ವ ಒಂದು ಕಲ್ಲು ಎಸೆದಳು. ಅದು ಯಾರಿಗೂ ಬೀಳಲಿಲ್ಲ, ಬೀಳಬೇಕಾದ ಅಗತ್ಯವೂ ಇರಲಿಲ್ಲ. ಮೊದಲು ಬ್ಯಾಂಕಿನವನು ಮಲಗಿದ. ಆಮೇಲೆ ಉಳಿದವರು. ಟೆರಿಲಿನ್ ಪ್ಯಾಂಟು, ಇಸ್ತ್ರಿ ಅಂಗಿ, ಬಿಳಿ ಧೋತರ. ನಾವು ನಿತ್ಯ ಗುಡಿಸುವ ಅಂಗಳದ ಮಣ್ಣಿಗೆ ಮುಖ ಇಟ್ಟು ಮಲಗಿದರು. ಗ್ಯಾಲರಿಗಳಿಂದ ಅವರ ಹೆಂಡಿರು ನೋಡುತ್ತಿದ್ದರು. ಯಾರೋ ಉಚ್ಚೆ ಹೊಯ್ದುಕೊಂಡಿದ್ದ, ವಾಸನೆ ಬಂತು. ನಾವು ಒಬ್ಬರನ್ನೂ ಮುಟ್ಟಲಿಲ್ಲ. ಅವರ ನಡುವೆ ನಿಂತುಕೊಂಡೆವು.

ಬಿಸಿಲು ಇಳಿಯಿತು. ಬಸವಂತರಾಯ ಮುಖವೆತ್ತದೆ ಕೇಳಿದ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ನನಗೆ ಅವ್ವಾ ಎಂಬ ಮಾತು ಬಂದದ್ದು ಅದೇ ಮೊದಲು.

"ಏಳಲೇನವ್ವಾ?"

ರಸ್ತೆಯ ತಿರುವಿನಲ್ಲಿ ಪೊಲೀಸ್ ವ್ಯಾನುಗಳ ಸದ್ದು ಕೇಳಿಸಿತು. ಗೇಟಿನೊಳಗೆ ಬಂದವು, ಹಿಂದಿನ ಬಾಗಿಲು ತೆರೆದವು, ಲಾಠಿಗಳು ಇಳಿದವು. ಹಾಲವ್ವ ನನ್ನ ಕೂಸನ್ನು ಸೊಂಟಕ್ಕೆ ಬಿಗಿದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು. ಮೊದಲನೇ ಲಾಠಿ ನನ್ನ ಭುಜಕ್ಕೆ ಬಿತ್ತು. ಬಸವಂತರಾಯ ಇನ್ನೂ ನನ್ನ ಕಾಲ ಬಳಿಯೇ ಮಲಗಿದ್ದ, ಮೂಗು ಮಣ್ಣಿನಲ್ಲಿ. ಏಳು ಎಂದು ನಾನು ಹೇಳಲಿಲ್ಲ.